ಬಿಲದ ಬಾಯಿ ಹೇಳುವ ಗುಟ್ಟು

ಭತ್ತ ಹಾಲುಗಟ್ಟುವ ಹೊತ್ತಿಗೆ ಗದ್ದೆಯ ಬದುವಿನ ಮೇಲೆ ನಡೆದು ನೋಡಿ. ಅಲ್ಲಲ್ಲಿ ಹೊಸ ಮಣ್ಣಿನ ಗುಪ್ಪೆಗಳು, ಪಕ್ಕದಲ್ಲೇ ಓರೆಯಾಗಿ ಕತ್ತರಿಸಿ ಬಿದ್ದ ಪೈರು. ‘ಇಲಿ ಕಾಟ’ ಎಂದು ಗೊಣಗುತ್ತ ರೈತ ವಿಷದ ಪೊಟ್ಟಣ ತರಲು ಹೊರಡುತ್ತಾನೆ. ಆದರೆ ಬಿಲ ತೋಡಿದ ಪ್ರಾಣಿ ಯಾವುದು? ಇದನ್ನು ತಿಳಿಯದೆ ಇಟ್ಟ ವಿಷ ಎಷ್ಟೋ ಸಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ!

ಇಲಿ, ಹೆಗ್ಗಣ, ಅಳಿಲು, ಮುಳ್ಳುಹಂದಿ ಇವೆಲ್ಲ ದಂಶಕಗಳು, ಅಂದರೆ ಕಡಿದು ತಿನ್ನುವ ಪ್ರಾಣಿಗಳು. ಭೂಮಿಯ ಮೇಲಿನ ಸಸ್ತನಿ ಪ್ರಭೇದಗಳಲ್ಲಿ ಹತ್ತರಲ್ಲಿ ನಾಲ್ಕು ಈ ಗಣಕ್ಕೇ ಸೇರಿವೆ. ಇವುಗಳ ಗುರುತು ಬಾಯಿಯಲ್ಲಿದೆ. ಮೇಲೆರಡು, ಕೆಳಗೆರಡು ಬಾಚಿಹಲ್ಲು. ಕೋರೆಹಲ್ಲು ಇಲ್ಲ, ಆ ಜಾಗ ಖಾಲಿ. ಬಾಚಿಹಲ್ಲು ಸಾಯುವವರೆಗೂ ಬೆಳೆಯುತ್ತಲೇ ಇರುತ್ತದೆ. ಅದರ ಮುಂಭಾಗಕ್ಕೆ ಗಟ್ಟಿ ಎನಾಮಲ್ ಹೊದಿಕೆಯಿದೆ, ಹಿಂಭಾಗ ಮೆತ್ತಗೆ. ಕಡಿದಂತೆಲ್ಲ ಹಿಂಭಾಗ ಬೇಗ ಸವೆದು ಹಲ್ಲು ಬಡಗಿಯ ಉಳಿಯಂತೆ ತಾನೇ ಹರಿತವಾಗುತ್ತದೆ. ಇಲಿ ಹಸಿವಿಲ್ಲದಾಗಲೂ ಏನನ್ನಾದರೂ ಕಡಿಯುವುದು ತುಂಟತನದಿಂದಲ್ಲ. ಸವೆಸದಿದ್ದರೆ ಹಲ್ಲು ಮಿತಿಮೀರಿ ಬೆಳೆದು ಬಾಯಿ ಮುಚ್ಚಲೂ ಆಗದು.

ಹೆಸರು ನಂಬಿ ಮೋಸಹೋಗಬಾರದು. ಮುಳ್ಳುಹಂದಿ ಹಂದಿಯಲ್ಲ, ದಂಶಕ. ಮನೆಯ ಗೋಡೆಯಂಚಿನಲ್ಲಿ ಚೀಂಗುಡುತ್ತ ಓಡುವ ಸುಂಡಿಲಿ ಇಲಿಯಲ್ಲ. ಅದರ ಮುಖ್ಯ ಆಹಾರ ಹುಳುಹುಪ್ಪಟೆ, ಅದರ ಗಣವೇ ಬೇರೆ. ಮೊಲವೂ ಬಹುಕಾಲ ಇಲಿಗಳ ಜೊತೆಗೇ ಇತ್ತು. ಅದರ ಮೇಲಿನ ಬಾಚಿಹಲ್ಲುಗಳ ಹಿಂದೆ ಇನ್ನೊಂದು ಪುಟ್ಟ ಜೋಡಿ ಅಡಗಿದೆ. ಇಂಥ ವ್ಯತ್ಯಾಸಗಳನ್ನು ಮುಂದಿಟ್ಟು 1912ರಲ್ಲಿ ಅಮೆರಿಕದ ವಿಜ್ಞಾನಿ ಗಿಡ್ಲೆ ಮೊಲಗಳದು ಪ್ರತ್ಯೇಕ ಗಣವೆಂದು ವಾದಿಸಿದರು. ಇಂದು ಅದೇ ಒಪ್ಪಿತವಾಗಿದೆ.

ಗದ್ದೆಯ ಬದುವಿಗೆ ಮರಳೋಣ. ಬಿಲದ ಬಾಯಲ್ಲಿ ಮಣ್ಣಿನ ಗುಪ್ಪೆ ಇದ್ದು, ಬಾಯಿ ಒಳಗಿನಿಂದ ಮುಚ್ಚಿದ್ದರೆ ಅದು ಬಹುತೇಕ ಸಣ್ಣ ಹೆಗ್ಗಣದ್ದು. ವಿಜ್ಞಾನಿಗಳು ಇದನ್ನು ಬ್ಯಾಂಡಿಕೋಟ ಬೆಂಗಾಲೆನ್ಸಿಸ್ ಎನ್ನುತ್ತಾರೆ. ಇದರ ದೊಡ್ಡಣ್ಣ ಬ್ಯಾಂಡಿಕೋಟ ಇಂಡಿಕ. ಈ ‘ಬ್ಯಾಂಡಿಕೂಟ್’ ಶಬ್ದ ಹುಟ್ಟಿದ್ದು ನಮ್ಮ ನೆರೆಯ ತೆಲುಗಿನ ‘ಪಂದಿಕೊಕ್ಕು’ವಿನಿಂದ, ಅರ್ಥ, ಹಂದಿಯಂಥ ಇಲಿ. ಕೆಣಕಿದರೆ ಹೆಗ್ಗಣ ಗುರುಗುಡುವುದು ಈ ಹೆಸರಿಗೆ ಒಪ್ಪುತ್ತದೆ. ಆಸ್ಟ್ರೇಲಿಯಕ್ಕೆ ಹೋದ ಯೂರೋಪಿಯನ್ನರು ಅಲ್ಲಿನ ಒಂದು ಹೊಟ್ಟೆಚೀಲದ ಪ್ರಾಣಿಗೂ ಇದೇ ಹೆಸರಿಟ್ಟರು. ಎರಡಕ್ಕೂ ಯಾವ ನೆಂಟಸ್ತಿಕೆಯೂ ಇಲ್ಲ.

ಹೆಗ್ಗಣದ ಬಿಲವೆಂದರೆ ಕವಲೊಡೆದ ಸುರಂಗಗಳ ಜಾಲ. ಅದರಲ್ಲಿ ಮರಿಗಳಿಗೊಂದು ಕೋಣೆ, ತೆನೆ ಕೂಡಿಡಲು ಕಣಜ. ಹೊಟ್ಟೆಗೆ ತಿನ್ನುವುದಕ್ಕಿಂತ ಕಣಜಕ್ಕೆ ಸಾಗಿಸುವುದರಿಂದಲೇ ರೈತನಿಗೆ ಹೆಚ್ಚು ನಷ್ಟ. ಸುಮಾರು ಮೂರು ವಾರಗಳ ಗರ್ಭ, ಒಂದು ಸೂಲಿಗೆ ಆರೇಳು ಮರಿ, ಮೂರು ತಿಂಗಳಿಗೆ ಆ ಮರಿಗಳೂ ತಾಯಂದಿರು! ಹೆತ್ತವರಿಗೆ ಹೆಗ್ಗಣ ಮುದ್ದು, ಸರಿ, ಬೆಳೆದವರಿಗಲ್ಲ.

ಒಣ ಬಯಲಿನಲ್ಲಿ ಬೇರೊಂದು ಒಕ್ಕಲಿದೆ. ದೊಡ್ಡ ಕಣ್ಣು, ಉದ್ದ ಹಿಂಗಾಲು, ಬಾಲದ ತುದಿಯಲ್ಲಿ ಕಪ್ಪು ಕುಚ್ಚು ಇರುವ ಜರ್ಬಿಲ್ ಇಲಿ, ಟಟೇರ ಇಂಡಿಕ. ಇದರ ಬಿಲಕ್ಕೆ ಹಲವು ಬಾಯಿ. ಕೆಲವು ದಾರಿಗಳು ನೆಲದ ಮೇಲ್ಪದರದವರೆಗೆ ಬಂದು ನಿಂತಿರುತ್ತವೆ. ಹಾವು ಒಳನುಗ್ಗಿದರೆ ತೆಳುಮಣ್ಣು ಒಡೆದು ಪಾರಾಗುವ ಕಳ್ಳದಾರಿ ಅದು.

ಈ ಗುರುತು ಬೆಳೆಗೆ ಮಾತ್ರವಲ್ಲ, ಜೀವಕ್ಕೂ ಸಂಬಂಧಿಸಿದ್ದು. 1898ರಲ್ಲಿ ಬೆಂಗಳೂರು ಪ್ಲೇಗಿಗೆ ತತ್ತರಿಸಿತು. ಅದೇ ವರ್ಷ ಕರಾಚಿಯಲ್ಲಿ ಫ್ರೆಂಚ್ ವೈದ್ಯ ಸಿಮೊಂಡ್, ರೋಗ ಇಲಿಯ ಚಿಗಟದಿಂದ ಹರಡುತ್ತದೆಂದು ಕಂಡುಕೊಂಡರು. ಬಯಲಿನ ಜರ್ಬಿಲ್‌ಗಳು ಸಾಯದೆಯೇ ರೋಗಾಣುವನ್ನು ಉಳಿಸಿಕೊಳ್ಳಬಲ್ಲವು. ಅದು ಮನೆಯಿಲಿಗಳಿಗೆ ದಾಟಿದರೆ ಅವು ಸಾಯುತ್ತವೆ, ಆಗ ಹಸಿದ ಚಿಗಟ ಮನುಷ್ಯನತ್ತ ನೆಗೆಯುತ್ತದೆ. ಆದ್ದರಿಂದ ಊರಿನಲ್ಲಿ ಇಲಿಗಳು ಒಮ್ಮೆಲೇ ಸಾಯತೊಡಗಿದರೆ ಮಕ್ಕಳು ಮುಟ್ಟಬಾರದು. ದೊಡ್ಡವರು ಆರೋಗ್ಯ ಇಲಾಖೆಗೆ ತಿಳಿಸಬೇಕು. ಇಲಿ ಮೂತ್ರ ಬೆರೆತ ಗದ್ದೆಯ ನೀರು ಗಾಯಕ್ಕೆ ತಗುಲಿದರೆ ಇಲಿಜ್ವರವೂ ಬರಬಹುದು.

ಹಾಗಾದರೆ ರೈತ ಮಾಡಬೇಕಾದದ್ದೇನು? ಸಂಜೆ ಎಲ್ಲ ಬಿಲಗಳನ್ನೂ ಮಣ್ಣಿನಿಂದ ಮುಚ್ಚಿ, ಬೆಳಿಗ್ಗೆ ತೆರೆದಿರುವುದನ್ನು ಎಣಿಸಿದರೆ ವಾಸವಿರುವ ಬಿಲ ಯಾವುದೆಂದು ತಿಳಿಯುತ್ತದೆ. ಇಲಿಗೆ ವಾಂತಿ ಬಾರದು. ಅದಕ್ಕೇ ಹೊಸ ಆಹಾರವನ್ನು ಅನುಮಾನದಿಂದ ಸ್ವಲ್ಪವೇ ರುಚಿ ನೋಡುತ್ತದೆ. ಹೊಟ್ಟೆ ಕೆಟ್ಟರೆ ಮತ್ತೆ ಮುಟ್ಟದು. ಮೊದಲು ಎರಡು ಮೂರು ದಿನ ವಿಷವಿಲ್ಲದ ತಿನಿಸಿಟ್ಟು ರೂಢಿ ಮಾಡಿಸಬೇಕೆಂದು ಕೃಷಿ ತಜ್ಞರು ಹೇಳುವುದು ಇದರಿಂದಲೇ. ಬದು ಕಿರಿದಾದಷ್ಟೂ ಬಿಲಕ್ಕೆ ಜಾಗ ಕಡಿಮೆ. ಕೇರೆಹಾವನ್ನೂ ಗೂಬೆಯನ್ನೂ ಕೊಲ್ಲದಿದ್ದರೆ ಕೂಲಿ ಕೇಳದ ಕಾವಲುಗಾರರು ರಾತ್ರಿ ಹಗಲು ದುಡಿಯುತ್ತಾರೆ.

ಬೆಟ್ಟ ಅಗೆದು ಇಲಿ ಹಿಡಿದರು ಎಂದು ನಗುವುದುಂಟು. ಹಿಡಿಯುವ ಮೊದಲು ಅದು ಯಾವ ಇಲಿ ಎಂದು ಕೇಳಿಕೊಂಡರೆ ಬೆಟ್ಟ ಅಗೆಯುವ ಪ್ರಮೇಯವೇ ಬಾರದು.