ಕ್ಯಾನ್ಸರ್ ರೋಗಿಗೆ ಮನೆಯಲ್ಲಿ ಆರೈಕೆ



ಬೀಜ, ಗೊಬ್ಬರದ ವಿಷಯ ಬರೆಯುವ ಗ್ರಾಮಸೇವಕನು ಈ ಸಲ ರೋಗದ ವಿಷಯ ಬರೆಯುವುದೇಕೆಂದು ತಮಗೆ ಅನಿಸಬಹುದು. ಕಾರಣವಿದೆ. ಹಿಂಗಾರಿ ಜೋಳ ನೋಡಲು ಹಂಪಸಾಗರದ ಸಮೀಪ ಒಬ್ಬ ರೈತರ ಮನೆಗೆ ಹೋಗಿದ್ದೆ. ಬಾಯಿಯ ಕ್ಯಾನ್ಸರ್ ಆಗಿದ್ದ ಹಿರಿಯರನ್ನು ಕೊಟ್ಟಿಗೆಯ ಪಕ್ಕದಲ್ಲಿ ಮಲಗಿಸಿದ್ದರು. ಅವರ ತಟ್ಟೆ, ಚೆಂಬು ಬೇರೆ. ನೋವಿನ ಗುಳಿಗೆ ಗೂಡಿನಲ್ಲಿತ್ತು. “ತಡೀಲಾರದಂಗ ಆದಾಗಷ್ಟ ಕೊಡ್ತೀವ್ರೀ, ಚಟ ಬಿದ್ದೀತು” ಎಂದರು ಮಗ. ಅವರಲ್ಲಿ ಪ್ರೀತಿಗೆ ಕೊರತೆ ಇರಲಿಲ್ಲ, ತಿಳಿವಳಿಕೆಗೆ ಇತ್ತು. ನಾನು ವ್ಯವಸಾಯ ಓದಿದವನು, ವೈದ್ಯನಲ್ಲ. ವೈದ್ಯರನ್ನೂ ದಾದಿಯರನ್ನೂ ಕೇಳಿ ತಿಳಿದುದನ್ನು ಇಲ್ಲಿ ಬರೆದಿದ್ದೇನೆ.

ಅಂಟುರೋಗವಲ್ಲ: ರೋಗಿಯನ್ನು ಮುಟ್ಟುವುದರಿಂದ, ಜೊತೆಗೆ ಕೂತು ಉಣ್ಣುವುದರಿಂದ ಕ್ಯಾನ್ಸರ್ ಬರುವುದಿಲ್ಲ. ಗಾಳಿ ಬೆಳಕು ಇರುವ ಪಡಸಾಲೆಯಲ್ಲಿ, ಮನೆಯವರ ನಡುವೆ ಹಾಸಿಗೆ ಹಾಕಿರಿ.

ನೋವು: ಬೆಳೆ ಬಾಡಿದ ಮೇಲೆ ನೀರು ಕಟ್ಟುವುದಿಲ್ಲ, ಸರದಿಯಂತೆ ಕಟ್ಟುತ್ತೇವೆ. ನೋವಿನ ಔಷಧವೂ ಹಾಗೆಯೇ. ರೋಗಿ ನರಳುವವರೆಗೆ ಕಾಯದೆ, ವೈದ್ಯರು ಹೇಳಿದ ಗಂಟೆಗೆ ಸರಿಯಾಗಿ ಕೊಡಬೇಕು. ಹೆಚ್ಚಿನ ನೋವಿಗೆ ಮಾರ್ಫಿನ್ ಗುಳಿಗೆ ಉಂಟು. ವೈದ್ಯರ ಅಳತೆಯಲ್ಲಿ ನೋವಿಗಾಗಿ ತೆಗೆದುಕೊಂಡರೆ ಚಟ ಬೀಳುವ ಭಯ ಬಹಳ ಕಡಿಮೆ. 2014ರಲ್ಲಿ ಕಾಯಿದೆ ತಿದ್ದುಪಡಿಯಾಗಿ, ಮಾನ್ಯತೆ ಪಡೆದ ಆಸ್ಪತ್ರೆಗಳು ಇದನ್ನು ಇಟ್ಟುಕೊಳ್ಳುವುದು ಸುಲಭವಾಯಿತು. ಇದರಿಂದ ಮಲ ಕಟ್ಟುತ್ತದೆ; ಆದುದರಿಂದ ಮಲ ಸಡಿಲಿಸುವ ಔಷಧವನ್ನೂ ಕೇಳಿ ಪಡೆಯಿರಿ. ಅಳತೆಯನ್ನು ನಾವೇ ಹೆಚ್ಚು ಕಡಿಮೆ ಮಾಡಬಾರದು, ತಟ್ಟನೆ ನಿಲ್ಲಿಸಲೂ ಬಾರದು. ಗುಳಿಗೆಗಳು ಮಕ್ಕಳ ಕೈಗೆ ಸಿಗದಿರಲಿ.

ಬಾಯಿ ಮತ್ತು ಊಟ: ಒಂದು ಲೀಟರ್ ಕಾಯಿಸಿ ಆರಿಸಿದ ನೀರಿಗೆ ಒಂದು ಟೀ ಚಮಚ ಉಪ್ಪು, ಒಂದು ಟೀ ಚಮಚ ಅಡುಗೆ ಸೋಡ ಕರಗಿಸಿ, ದಿನಕ್ಕೆ ನಾಲ್ಕಾರು ಸಲ ಬಾಯಿ ಮುಕ್ಕಳಿಸಲು ಕೊಡಿರಿ. ನುಂಗಬಾರದು. ಖಾರ, ಹುಳಿ, ಬಿಸಿ ಬೇಡ. ರಾಗಿ ಅಂಬಲಿ, ಮೆತ್ತಗೆ ಬೇಯಿಸಿದ ಜೋಳದ ನುಚ್ಚು, ಬೇಳೆ ಕಟ್ಟು, ಹಾಲು ಸ್ವಲ್ಪಸ್ವಲ್ಪವಾಗಿ ಹಲವು ಸಲ ಕೊಡಿರಿ. ಒಲ್ಲೆನೆಂದರೆ ಬಲವಂತ ಬೇಡ.

ಹಾಸಿಗೆ ಹುಣ್ಣು: ಎದ್ದೇಳಲಾರದವರನ್ನು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿರಿ. ಹಾಸಿಗೆ ಒಣಗಿರಲಿ, ಸುಕ್ಕು ಇರಬಾರದು. ಕೆಂಪಾದ ಜಾಗವನ್ನು ತಿಕ್ಕಬಾರದು.

ಗಾಯ: ಕೈ ತೊಳೆದು, ಉಪ್ಪು ಹಾಕಿ ಕಾಯಿಸಿ ಆರಿಸಿದ ನೀರಿನಿಂದ ಗಾಯ ತೊಳೆದು ಶುಭ್ರವಾದ ಬಟ್ಟೆ ಕಟ್ಟಿರಿ. ನೊಣ ಕೂತರೆ ಹುಳು ಬೀಳುತ್ತದೆ. ಸಗಣಿ, ಬೂದಿ, ಸೊಪ್ಪಿನ ರಸ ಹಚ್ಚಬೇಡಿರಿ. ವಾಸನೆ ಬಂದರೆ ಅದಕ್ಕೂ ಔಷಧವುಂಟು, ನಾಚದೆ ಕೇಳಿರಿ.

ಉಸಿರಾಟದ ತೊಂದರೆ: ದಿಂಬು ಒರಗಿಸಿ ಕೂಡಿಸಿರಿ. ಕಿಟಕಿ ತೆರೆದು ಮುಖಕ್ಕೆ ಗಾಳಿ ಬೀಸಿರಿ. ಸುತ್ತ ಜನ ಮುತ್ತದಿರಲಿ.

ತಡಮಾಡಬಾರದ ಸಮಯ: ಕ್ಯಾನ್ಸರ್ ಔಷಧದ ಚುಚ್ಚುಮದ್ದು ನಡೆಯುತ್ತಿರುವಾಗ ಜ್ವರ 100.4 ಡಿಗ್ರಿಗೆ ಏರಿದರೆ, ರಕ್ತ ನಿಲ್ಲದೆ ಹರಿದರೆ, ಕಾಲುಗಳು ಒಮ್ಮೆಲೆ ಸೋತರೆ, ರಾತ್ರಿಯಾದರೂ ಆಸ್ಪತ್ರೆಗೆ ಒಯ್ಯಬೇಕು.

ಕ್ಯಾನ್ಸರ್ ಎಂದೊಡನೆ ಎಲ್ಲ ಮುಗಿಯಿತೆಂದಲ್ಲ. ಬೇಗ ಕಂಡುಹಿಡಿದರೆ ಅನೇಕ ಬಗೆಯವು ಗುಣವಾಗುತ್ತವೆ. ಬೆಂಗಳೂರಿನಲ್ಲಿ 1973ರಲ್ಲಿ ಸ್ಥಾಪಿತವಾದ ಕಿದ್ವಾಯಿ ಆಸ್ಪತ್ರೆ ಇದೆ. ಹುಬ್ಬಳ್ಳಿಯ ನವನಗರದಲ್ಲಿಯೂ ಕ್ಯಾನ್ಸರ್ ಆಸ್ಪತ್ರೆ ಇದೆ. ಗುಣವಾಗದ ಹಂತದವರನ್ನು ಬೆಂಗಳೂರಿನ ಕರುಣಾಶ್ರಯದಲ್ಲಿ ಹಣ ಪಡೆಯದೆ ನೋಡಿಕೊಳ್ಳುತ್ತಾರೆ. ಎತ್ತು, ಹೊಲ ಮಾರುವ ಮುನ್ನ ಆಯುಷ್ಮಾನ್ ಭಾರತ-ಆರೋಗ್ಯ ಕರ್ನಾಟಕ ಕಾರ್ಡಿನ ವಿಷಯವನ್ನು ಊರಿನ ಆಶಾ ಕಾರ್ಯಕರ್ತೆಯಲ್ಲಿ ವಿಚಾರಿಸಿರಿ. ಹೊಗೆಸೊಪ್ಪು, ಗುಟ್ಕ, ಅಡಿಕೆ ಬಾಯಿಯ ಕ್ಯಾನ್ಸರಿಗೆ ಮುಖ್ಯ ಕಾರಣಗಳೆಂಬುದನ್ನೂ ಮರೆಯಬಾರದು. ಬಾಯಿಯ ಹುಣ್ಣು ಮೂರು ವಾರವಾದರೂ ಮಾಯದಿದ್ದರೆ ವೈದ್ಯರಿಗೆ ತೋರಿಸಿರಿ.

ಆರೈಕೆ ಮಾಡುವವರೂ ಮನುಷ್ಯರೇ. ಸಾಮಾನ್ಯವಾಗಿ ಸೊಸೆ ಅಥವಾ ಮಡದಿ ಒಬ್ಬಳೇ ಹಗಲಿರುಳು ದುಡಿಯುತ್ತಾಳೆ. ಗಂಡಸರೂ ಸರದಿ ಹಂಚಿಕೊಳ್ಳಬೇಕು.

ಆ ಹಿರಿಯರನ್ನು ಪಡಸಾಲೆಗೆ ತಂದರು. ವೈದ್ಯರಿಗೆ ಮತ್ತೆ ತೋರಿಸಿ, ಗುಳಿಗೆಯನ್ನು ಗಂಟೆಗೆ ಸರಿಯಾಗಿ ಕೊಟ್ಟರು. ಅವರು ರಾತ್ರಿ ನಿದ್ದೆ ಮಾಡತೊಡಗಿದರು. ಸುಗ್ಗಿ ಮುಗಿದ ಮೇಲೆ ತೀರಿಕೊಂಡರು. ಅದಕ್ಕೆ ಮುಂಚೆ ಒಂದು ದಿನ ನನ್ನನ್ನು ಕರೆದು, ಎಕರೆಗೆ ಎಷ್ಟು ಚೀಲ ಜೋಳವಾಯಿತೆಂದು ಕೇಳಿದ್ದರು. ನೋವು ಇಳಿದ ಮೇಲೆಯೇ ಮನುಷ್ಯನಿಗೆ ಹೊಲದ ನೆನಪು ಬರುವುದು. ಅಷ್ಟು ಮಾಡುವುದು ನಮ್ಮ ಕೈಯಲ್ಲಿದೆ.