ಹಳೆಯ ವಾಲ್ವಿಗೆ ಮೌತಾರ್ಗನ್ನಿನ ಉಸಿರು

ಮೌತಾರ್ಗನ್ ಎಂದೊಡನೆ ನಮ್ಮ ಹಿರಿಯರಿಗೆ 1958ರ 'ಸೋಲ್ವಾ ಸಾಲ್' ಚಿತ್ರದಲ್ಲಿ ದೇವಾನಂದರು ರೈಲಿನಲ್ಲಿ ಹಾಡುವ ಹಾಡು ನೆನಪಾಗುವುದು ಸಹಜ. ಅದರಲ್ಲಿ ಮೌತಾರ್ಗನ್ ನುಡಿಸಿದವರು ರಾಹುಲ್ ದೇವ್ ಬರ್ಮನ್. ಅದು ತಿಳಿಯಾದ, ಇಂಪಾದ ನಾದ. ಈ ಪುಟ್ಟ ವಾದ್ಯಕ್ಕೆ ಇನ್ನೊಂದು ದನಿಯೂ ಉಂಟು. 1952ರಲ್ಲಿ ಅಮೆರಿಕದ ಶಿಕಾಗೋ ನಗರದ ಲಿಟಲ್ ವಾಲ್ಟರ್ ಎಂಬ ಕಲಾವಿದ 'ಜೂಕ್' ಎಂಬ ಧ್ವನಿಮುದ್ರಿಕೆಯನ್ನು ಹೊರತಂದ. ಮೈಕನ್ನೂ ವಾದ್ಯವನ್ನೂ ಒಂದೇ ಬೊಗಸೆಯಲ್ಲಿ ಹಿಡಿದು, ವಾಲ್ವಿನ ಆಂಪ್ಲಿಫೈಯರಿನಲ್ಲಿ ನುಡಿಸುವುದು ಅವನ ರೀತಿ. ವಾಲ್ವು ತನ್ನ ಶಕ್ತಿ ಮೀರಿ ದುಡಿದಾಗ ಸ್ವರದ ಮೊನೆ ದುಂಡಗಾಗಿ, ದನಿ ದಪ್ಪವಾಗುತ್ತದೆ. ಕೇಳಿದರೆ ಸ್ಯಾಕ್ಸೊಫೋನೇ ಎನಿಸಬೇಕು!

ಇಂಥ ಸಾಮಗ್ರಿ ನಮಗೆ ಅಪರಿಚಿತವಲ್ಲ. ಬೆಂಗಳೂರಿನ ಜಾಲಹಳ್ಳಿಯಲ್ಲಿ 1954ರಲ್ಲಿ ಸ್ಥಾಪನೆಯಾದ ಭಾರತ್ ಎಲೆಕ್ಟ್ರಾನಿಕ್ಸ್ ಕಾರ್ಖಾನೆ 1961ರಲ್ಲಿ ರೇಡಿಯೊ ವಾಲ್ವುಗಳ ತಯಾರಿಕೆ ಆರಂಭಿಸಿತು. ಟ್ರಾನ್ಸಿಸ್ಟರುಗಳು ಬಂದು ಆ ಕಾಲ ಮುಗಿಯಿತಾದರೂ ಗಾಜಿನ ಮೇಲೆ 'ಬಿ.ಇ.ಎಲ್.' ಮುದ್ರೆ ಹೊತ್ತ ವಾಲ್ವುಗಳು ಅಲ್ಲಲ್ಲಿ ಉಳಿದಿವೆ. ಚಾಂದ್‌ಖೇಡಾದ ನಮ್ಮವರು ಎಲ್ಲಿಸ್ ಬ್ರಿಜ್ ಬಳಿಯ ರವಿವಾರಿ ಸಂತೆಗೆ ಹೋದಾಗ ಹಳೆಯ ಸಾಮಾನುಗಳ ರಾಶಿಯ ಮೇಲೊಮ್ಮೆ ಕಣ್ಣಾಡಿಸಬಹುದು. ಅದಕ್ಕೆ 'ಗುಜರಿ ಬಜಾರ್' ಎಂದೂ ಹೆಸರು. ಗುಜರಿ ಎಂಬ ಮಾತು ನಮಗೂ ಹೊಸದಲ್ಲವಷ್ಟೆ!

ಸಭೆಗಾಗಿ ಇಲ್ಲವೆ ಗಿಟಾರಿಗಾಗಿ ಕಟ್ಟಿದ ಪೆಟ್ಟಿಗೆಗೆ ಮೌತಾರ್ಗನ್ ಸೇರಿಸಿದರೆ ಮೊದಲು ಎದುರಾಗುವ ತೊಂದರೆ ಕೂಗು. ಸ್ಪೀಕರಿನ ದನಿ ಮತ್ತೆ ಮೈಕಿಗೆ ಹೊಕ್ಕು 'ಕೀ' ಎಂದು ಅರಚುತ್ತದೆ. ಇದಕ್ಕೆ ಸುಲಭವಾದ ಉಪಾಯವೊಂದಿದೆ. ಮೊದಲ ಹಂತದಲ್ಲಿ ಇ.ಸಿ.ಸಿ. 83 ವಾಲ್ವು ಇದ್ದರೆ, ಅದರ ವರ್ಧನಾಂಕ ಸುಮಾರು 100. ಅದೇ ಒಂಬತ್ತು ಕಾಲಿನ ಇ.ಸಿ.ಸಿ. 82ರದು 20ಕ್ಕೂ ಕಡಿಮೆ. ಒಂದನ್ನು ಕಿತ್ತು ಇನ್ನೊಂದನ್ನು ಕೂರಿಸಿದರಾಯಿತು, ಬೆಸುಗೆಯ ಗೊಡವೆಯಿಲ್ಲ. ಕೂಗು ತಗ್ಗಿ, ವಾಲ್ಯೂಮನ್ನು ಇನ್ನಷ್ಟು ಏರಿಸಲು ಅವಕಾಶವಾಗುತ್ತದೆ.

ಮೌತಾರ್ಗನ್ನಿನ ದನಿ ಮೊದಲೇ ಚೂಪು. ಆದ್ದರಿಂದ ಕೀಚಲು ಸ್ವರವನ್ನು ಎತ್ತಿಕೊಡುವ ಸಣ್ಣ ಕೆಪಾಸಿಟರು ಇದ್ದರೆ ಬಿಚ್ಚಿಸುವುದು ಲೇಸು. ಹಂತಗಳ ನಡುವಣ ಕೆಪಾಸಿಟರನ್ನು 0.02ರಿಂದ 0.05 ಮೈಕ್ರೊಫ್ಯಾರಡ್‌ಗೆ ಏರಿಸಿದರೆ ಮಂದ್ರ ತುಂಬಿಕೊಳ್ಳುತ್ತದೆ. ಹಳೆಯ ಕ್ರಿಸ್ಟಲ್ ಮೈಕಿನ ಒಳಗಿರುವುದು ರೋಶೆಲ್ ಲವಣದ ಹರಳು. ಅದು ಬಿಸಿಲಿಗೂ ತೇವಕ್ಕೂ ಹಾಳಾಗುವುದರಿಂದ, ಅಹಮದಾಬಾದಿನ ಮೇ ತಿಂಗಳಲ್ಲಿ ಅದನ್ನು ಕಾರಿನಲ್ಲಿಟ್ಟು ಮರೆಯಬಾರದು.

ಇನ್ನು ಮುಖ್ಯವಾದ ಮಾತು. ವಾಲ್ವಿನ ಪೆಟ್ಟಿಗೆಯೊಳಗೆ 250ರಿಂದ 400 ವೋಲ್ಟುಗಳ ವಿದ್ಯುತ್ತು ಇರುತ್ತದೆ. ಪ್ಲಗ್ಗು ತೆಗೆದ ಮೇಲೂ ಕೆಪಾಸಿಟರುಗಳಲ್ಲಿ ಅದು ಅಡಗಿರಬಹುದು. ಟ್ರಾನ್ಸ್‌ಫಾರ್ಮರ್ ಇಲ್ಲದ 'ಎ.ಸಿ.-ಡಿ.ಸಿ.' ರೇಡಿಯೊಗಳಲ್ಲಂತೂ ತಗಡಿನ ಚಾಸಿಯೇ ನೇರವಾಗಿ 230 ವೋಲ್ಟಿನ ತಂತಿಗೆ ಅಂಟಿಕೊಂಡಿರಬಹುದು. ಮೌತಾರ್ಗನ್ ನುಡಿಸುವವನ ತುಟಿ ವಾದ್ಯದ ಲೋಹಕ್ಕೆ, ಕೈ ಮೈಕಿನ ಲೋಹಕ್ಕೆ ತಾಗಿರುತ್ತದೆ ಎಂಬುದನ್ನು ನೆನೆಯಿರಿ. ಅಂಥ ರೇಡಿಯೊವನ್ನು ಈ ಕೆಲಸಕ್ಕೆ ಬಳಸಲೇಬಾರದು. ಟ್ರಾನ್ಸ್‌ಫಾರ್ಮರ್ ಉಳ್ಳ ಪೆಟ್ಟಿಗೆಗೂ ಅರ್ತ್ ಇರುವ ಮೂರು ಕಾಲಿನ ಪ್ಲಗ್ಗು ಹಾಕಿಸಿ, ಸೋರುವ ಹಳೆಯ ಕಾಗದದ ಕೆಪಾಸಿಟರುಗಳನ್ನು ಬದಲಾಯಿಸಿದ ಮೇಲೆಯೇ ಮಕ್ಕಳ ಕೈಗೆ ಮೈಕು ಕೊಡಬೇಕು. ಒಳಗಿನ ಕೆಲಸವನ್ನು ಬಲ್ಲ ಮೆಕ್ಯಾನಿಕರಿಗೇ ಒಪ್ಪಿಸಿ. ಅಮೆರಿಕದಿಂದ ಬಂದ ಪೆಟ್ಟಿಗೆಯಾದರೆ 117 ವೋಲ್ಟಿಗೆ ಇಳಿಸುವ ಟ್ರಾನ್ಸ್‌ಫಾರ್ಮರೂ ಬೇಕು.

ತೆಗೆದ ವಾಲ್ವು, ಕೆಪಾಸಿಟರುಗಳನ್ನು ಎಸೆಯದೆ ಲಕೋಟೆಯಲ್ಲಿ ಹಾಕಿ, ಯಾವುದು ಎಲ್ಲಿತ್ತೆಂದು ಬರೆದು ಜೋಪಾನವಾಗಿಡಿ. ಅಜ್ಜನ ಕಾಲದ ವಸ್ತು ಮೊಮ್ಮಗನ ಹವ್ಯಾಸಕ್ಕೆ ಒದಗಲಿ. ಆದರೆ ಮುಂದೆ ಬೇಕೆಂದಾಗ ಅದು ಮೊದಲಿನಂತೆಯೇ ಆಗುವಂತಿರಲಿ. ರಾಜ್ಯೋತ್ಸವದ ವೇದಿಕೆಯ ಮೇಲೆ ನಮ್ಮ ಹುಡುಗನೊಬ್ಬ ಜಾಲಹಳ್ಳಿಯ ವಾಲ್ವಿನಲ್ಲಿ ಮೌತಾರ್ಗನ್ ನುಡಿಸುವುದನ್ನು ಕೇಳುವ ಸಂತೋಷವೇನು ಸಣ್ಣದೇ?