ವಳ್ಳೂರಿನ ಸೋಲಾರ್ ಪಾರ್ಕ್‌ನಲ್ಲಿ ಮಷಿನ್‌ಗಳು ಯಾವ ಭಾಷೆ ಮಾತಾಡುತ್ತವೆ?

ಇವತ್ತು ಪಾವಗಡ ತಾಲ್ಲೂಕಿಗೆ ಹೋಗೋಣ ಬನ್ನಿ. ವಳ್ಳೂರು, ತಿರುಮಣಿ, ಬಳಸಮುದ್ರ, ಕ್ಯಾತಗಾನಚೆರ್ಲು, ರಾಯಚೆರ್ಲು, ಈ ಐದು ಊರುಗಳ ಸುತ್ತ ಸುಮಾರು 13,000 ಎಕರೆಯಲ್ಲಿ 2,050 ಮೆಗಾವ್ಯಾಟ್‌ನ ಸೋಲಾರ್ ಪಾರ್ಕ್ ಇದೆ. 2018ರ ಮಾರ್ಚ್‌ನಲ್ಲಿ ಉದ್ಘಾಟನೆ ಆಯ್ತು. ಜಮೀನು ರೈತರದ್ದೇ, ಲೀಸ್‌ಗೆ ಕೊಟ್ಟಿದ್ದಾರೆ.

ಇಲ್ಲಿ ಕರೆಂಟ್ ತಯಾರಿಸೋದು ಒಂದೇ ಕಂಪನಿ ಅಲ್ಲ. ಪಾರ್ಕನ್ನು ಬ್ಲಾಕ್‌ಗಳಾಗಿ ಹಂಚಿದ್ದಾರೆ. ಇಂಥ ಜಾಗದಲ್ಲಿ ಇನ್ವರ್ಟರ್ ಒಬ್ಬರದ್ದು, ಮೀಟರ್ ಇನ್ನೊಬ್ಬರದ್ದು. ಪಾವಗಡದ ಜನಕ್ಕೆ ಕನ್ನಡ, ತೆಲುಗು ಎರಡೂ ಬರುತ್ತೆ. ಮಷಿನ್‌ಗೆ ಹಾಗೆ ಬರಲ್ಲ. ಹಾಗಿದ್ದರೂ ಕಂಟ್ರೋಲ್ ರೂಮ್‌ನ ಒಂದೇ ಸ್ಕ್ರೀನ್‌ನಲ್ಲಿ ಎಲ್ಲವೂ ಕಾಣಬೇಕು.

ಫೋನ್‌ಪೇಯಿಂದ ಗೂಗಲ್ ಪೇಗೆ ದುಡ್ಡು ಹೋಗುತ್ತಲ್ಲ, ಯಾಕೆ? ಎರಡೂ ಯುಪಿಐ ನಿಯಮ ಪಾಲಿಸುತ್ತವೆ. ಮಷಿನ್‌ಗಳಿಗೂ ಅಂಥ ನಿಯಮಗಳಿವೆ. ಹಳೆಯದು ಮಾಡ್‌ಬಸ್. 1979ರಲ್ಲಿ ಅಮೆರಿಕದ ಮೋಡಿಕಾನ್ ಕಂಪನಿ ರೂಪಿಸಿದ್ದು. ಈಗ ಯಾರು ಬೇಕಾದರೂ ಫೀಸ್ ಕಟ್ಟದೆ ಬಳಸಬಹುದು. ಸೋಲಾರ್ ಇನ್ವರ್ಟರ್‌ಗಳಲ್ಲಿ ಇವತ್ತಿಗೂ ಸಾಮಾನ್ಯವಾಗಿ ಸಿಗೋದು ಇದೇ.

ಆದರೆ ಒಂದು ಕೊರತೆ ಇದೆ. ನಾನು ಬಿ.ಕಾಂ. ಓದಿದವನು, ಲೆಕ್ಕದ ಭಾಷೆಯಲ್ಲೇ ಹೇಳ್ತೀನಿ. ಕಾಲಂಗಳಿಗೆ ಹೆಡ್ಡಿಂಗ್ ಇಲ್ಲದ ಲೆಡ್ಜರ್ ಕೈಗೆ ಬಂತು ಅಂದ್ಕೊಳ್ಳಿ. ‘482’ ಅಂತ ಬರೆದಿದೆ. ಜಮೆಯೋ, ಖರ್ಚೋ? ಮಾಡ್‌ಬಸ್ ಕೂಡ ಹಾಗೇ. ಸಂಖ್ಯೆ ಬರುತ್ತೆ, ಅರ್ಥ ಬರಲ್ಲ. ಒಂದು ಇನ್ವರ್ಟರ್‌ನಲ್ಲಿ 482 ಅಂದ್ರೆ ವೋಲ್ಟ್ ಇರಬಹುದು, ಇನ್ನೊಂದರಲ್ಲಿ 48.2 ಡಿಗ್ರಿ ಶಾಖ. ಅರ್ಥ ಇರೋದು ತಯಾರಕರ ಮ್ಯಾನುಯಲ್‌ನಲ್ಲಿ.

ಆ ಹೆಡ್ಡಿಂಗ್ ಬರೆಯೋ ಕೆಲಸ ಹೊಸ ನಿಯಮಗಳದ್ದು. ಸನ್‌ಸ್ಪೆಕ್, ಸೋಲಾರ್ ಸಾಧನಗಳಲ್ಲಿ ಯಾವ ಸಂಖ್ಯೆ ಎಲ್ಲಿರಬೇಕು ಅಂತ ಗೊತ್ತುಮಾಡುತ್ತೆ. ಸಬ್‌ಸ್ಟೇಷನ್‌ಗಳಿಗೆ ಐಇಸಿ 61850 ಇದೆ. ಕಾರ್ಖಾನೆಗಳಿಗೆ ಓಪಿಸಿ ಯುಎ. ಇದರಲ್ಲಿ ಸಂಖ್ಯೆಯ ಜೊತೆಗೇ ಹೆಸರು, ಅಳತೆ, ಸಮಯ ಎಲ್ಲ ಕಳಿಸಬಹುದು. ‘ಓಪನ್’ ಅಂದ್ರೆ ಬಾಗಿಲು ತೆರೆದಿಟ್ಟ ಹಾಗಲ್ಲ. ಮೂಲ ಮಾಡ್‌ಬಸ್‌ನಲ್ಲಿ ಪಾಸ್‌ವರ್ಡೇ ಇಲ್ಲ, ಓಪಿಸಿ ಯುಎಯಲ್ಲಿ ಬೀಗದ ವ್ಯವಸ್ಥೆಯೂ ಸೇರಿದೆ. ನಿಯಮ ಓಪನ್, ಡೇಟಾ ಅಲ್ಲ.

ಇದರಿಂದ ನಮಗೇನು? ಸೋಲಾರ್ ಕರೆಂಟ್ ಮಾರಾಟದ ಒಪ್ಪಂದ ಸಾಮಾನ್ಯವಾಗಿ 25 ವರ್ಷದ್ದು. ಇನ್ವರ್ಟರ್ ಬಾಳಿಕೆ ಸಾಮಾನ್ಯವಾಗಿ 10–15 ವರ್ಷ. ಅಂದ್ರೆ ನಡುವೆ ಒಮ್ಮೆ ಬದಲಿಸಲೇಬೇಕು. ಅಷ್ಟರಲ್ಲಿ ತಯಾರಕ ಕಂಪನಿ ಮುಚ್ಚಿದ್ದರೆ? ಭಾಷೆ ಓಪನ್ ಆಗಿದ್ದರೆ ಬೇರೆಯವರ ಇನ್ವರ್ಟರ್ ತಂದು ಕೂರಿಸಬಹುದು. ಇಲ್ಲದಿದ್ದರೆ ಒಬ್ಬರೇ ಹೇಳಿದ ರೇಟು, ಅವರೇ ಕಳಿಸಿದ ಎಂಜಿನಿಯರ್.

ನನಗೆ ಮುಖ್ಯ ಅನ್ಸೋದು ಈ ಕೊನೆಯ ಮಾತು. ಭಾಷೆ ಕಂಪನಿಯ ಗುಟ್ಟಾಗಿದ್ದರೆ ರಿಪೇರಿಗೆ ಹೊರಗಿನವರೇ ಬರಬೇಕು. ಓಪನ್ ಆಗಿದ್ದರೆ ಮಧುಗಿರಿ, ಶಿರಾ, ಕೊರಟಗೆರೆಯಲ್ಲಿ ಐಟಿಐ, ಡಿಪ್ಲೊಮಾ ಮಾಡಿದವರೂ ಕಲಿಯಬಹುದು. ಓಪಿಸಿ ಯುಎ ನಿಯಮಾವಳಿ ಆನ್‌ಲೈನ್‌ನಲ್ಲಿ ಉಚಿತವಾಗಿ ಓದೋಕೆ ಸಿಗುತ್ತೆ. ಪಾವಗಡದ ಬ್ಲಾಕ್‌ಗೂ, ವಸಂತನರಸಾಪುರದ ಕಾರ್ಖಾನೆಗೂ ಆ ಕಲಿಕೆ ಉಪಯೋಗಕ್ಕೆ ಬರುತ್ತೆ. ಜಮೀನು ಕೊಟ್ಟ ಊರಿನ ಮಕ್ಕಳಿಗೆ ಪ್ಯಾನೆಲ್ ತೊಳೆಯೋ ಕೆಲಸಕ್ಕಿಂತ ಮುಂದಿನ ಕೆಲಸ ಬೇಕು ಅಂದ್ರೆ, ದಾರಿ ಇಲ್ಲಿಂದ ಶುರು.

ಐಟಿಐ ಓದುತ್ತಿರೋ ಫ್ರೆಂಡ್ ಇದ್ದರೆ ಈ ಎಪಿಸೋಡ್ ಕಳಿಸಿ. ಮತ್ತೆ ಸಿಗೋಣ.